ಮನೆಯಲ್ಲಿ ಕಾಯಿಸಿದ ಸ್ಕೀ ಬೂಟಿನ ಲೈನರ್ ಕಾಲಿಗೆ ಕೂರದಿದ್ದರೆ: ದೋಷ ಹುಡುಕುವ ಬಗೆ

ಸ್ಕೀ ಬೂಟಿನ ಗಟ್ಟಿ ಹೊರಚಿಪ್ಪಿನೊಳಗೆ ಕೂರುವ ಮೆತ್ತನೆಯ ಒಳಬೂಟನ್ನು, ಅಂದರೆ ಲೈನರನ್ನು, ಕಾಲಿನ ಆಕಾರಕ್ಕೆ ಬರಲೆಂದು ಕಾಯಿಸಿದ್ದಾಯಿತು, ಕಾಲು ತೂರಿಸಿ ಬಕಲ್ ಬಿಗಿದು ನಿಂತದ್ದೂ ಆಯಿತು. ಆರಿದ ಮೇಲೆ ಬೂಟು ಹಾಕಿಕೊಂಡರೆ ಹಿಮ್ಮಡಿ ಎದ್ದೇಳುತ್ತದೆ, ಅಥವಾ ಕಿರುಬೆರಳಿನ ಪಕ್ಕ ಚುಚ್ಚುತ್ತದೆ, ಅಥವಾ ಕಾಲು ಗಂಟೆಯೊಳಗೆ ಪಾದಕ್ಕೆ ಜೋಮು ಹಿಡಿಯುತ್ತದೆ. ಇಂಥ ಹೊತ್ತಿನಲ್ಲಿ ಬಹುತೇಕರ ಕೈ ಮತ್ತೆ ಓವನ್ ಕಡೆಗೇ ಹೋಗುತ್ತದೆ. ದಯವಿಟ್ಟು ಅಲ್ಲಿಗೆ ಹೋಗುವ ಮುಂಚೆ ನಿಲ್ಲಿ. ಲೈನರನ್ನು ಬೇಕೆಂದಾಗಲೆಲ್ಲ ಕಾಯಿಸಲಾಗುವುದಿಲ್ಲ. ಪ್ರತಿ ಸಲ ಕಾಯಿಸಿದಾಗಲೂ ಅಂಟಿನ ಹಿಡಿತ ಸಡಿಲವಾಗುತ್ತದೆ, ಹೊಲಿಗೆಯ ಬಳಿ ಬಟ್ಟೆ ಎಳೆದುಕೊಳ್ಳುತ್ತದೆ, ಫೋಮ್‌ನ ಕಸುವು ಕೊಂಚ ಕಡಿಮೆಯಾಗುತ್ತದೆ. ಕಾರಣ ಗೊತ್ತಿಲ್ಲದೆ ಮತ್ತೆ ಕಾಯಿಸಿದರೆ ಅದೇ ತಪ್ಪು ಇನ್ನೊಮ್ಮೆ ಅಚ್ಚಾಗುತ್ತದೆ, ಲೈನರ್‌ನ ಆಯುಷ್ಯವೂ ಅಷ್ಟು ಸವೆಯುತ್ತದೆ.

ತಪ್ಪು ಇರಬಹುದಾದ ಜಾಗಗಳು ಮೂರು: ಕೊಟ್ಟ ಕಾವು, ಆರುವಾಗ ಕಾಲು ನಿಂತ ಭಂಗಿ, ಹೊರಗಿನ ಪ್ಲಾಸ್ಟಿಕ್ ಶೆಲ್. ಕಾವಿನಲ್ಲೇ ಏನೋ ಹೆಚ್ಚುಕಡಿಮೆಯಾಗಿದೆ ಎಂದು ಎಲ್ಲರೂ ಮೊದಲು ಅನುಮಾನಿಸುತ್ತಾರೆ. ನಾನು ನೋಡಿದ ಬೂಟುಗಳಲ್ಲಿ ಮಾತ್ರ ಭಂಗಿ ಮತ್ತು ಶೆಲ್‌ನ ದೋಷಗಳೇ ಹೆಚ್ಚು. ಹಾಗಾಗಿ ಹುಡುಕಾಟವನ್ನು ಶೆಲ್‌ನಿಂದ ಶುರುಮಾಡಿ, ಓವನ್ನನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಾದಾಗ ಫೋಮ್‌ನೊಳಗೆ ಆಗುವುದೇನು

ಚರ್ಮದ ಬೂಟುಗಳ ಕಾಲದಲ್ಲಿ ಬೂಟೇ ನಿಧಾನಕ್ಕೆ ಕಾಲಿಗೆ ಹೊಂದಿಕೊಳ್ಳುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಬಾಬ್ ಲಾಂಗೆ ಪ್ಲಾಸ್ಟಿಕ್ ಬೂಟು ತಂದ ಮೇಲೆ ಹೊರಚಿಪ್ಪು ಬಗ್ಗುವುದು ನಿಂತಿತು, ಕಾಲಿಗೆ ಹೊಂದಿಕೊಳ್ಳುವ ಹೊಣೆಯೆಲ್ಲ ಒಳಗಿನ ಲೈನರ್ ಮೇಲೆ ಬಿತ್ತು. ಇಂದಿನ ಕಾಯಿಸುವ ಲೈನರ್‌ಗಳಲ್ಲಿ ಹೆಚ್ಚಿನವು ಇವಿಎ ಫೋಮ್‌ನವು, ಅಂದರೆ ಎಥಿಲೀನ್ ವಿನೈಲ್ ಅಸಿಟೇಟ್. ಇದರ ತುಂಬ ಮುಚ್ಚಿದ ಪುಟ್ಟ ಕೋಶಗಳಿರುತ್ತವೆ, ಅವುಗಳಲ್ಲಿ ಅನಿಲ ತುಂಬಿರುತ್ತದೆ. ಕಾವು ಕೊಟ್ಟಾಗ ಕೋಶದ ಗೋಡೆ ಮೆತ್ತಗಾಗುತ್ತದೆ, ಅನಿಲ ಹಿಗ್ಗುತ್ತದೆ, ಫೋಮ್ ಉಬ್ಬುತ್ತದೆ. ಅದರ ಅಣುಸರಪಳಿಗಳು ಅಡ್ಡಡ್ಡವಾಗಿ ಬೆಸೆದುಕೊಂಡಿರುವುದರಿಂದ ಅದು ಕರಗಿ ಹರಿದುಹೋಗುವುದಿಲ್ಲ. ಹಳೆಯ ಲೈನರ್ ಕಾಯಿಸಿದಾಗ ಅಮುಕಿಹೋದ ಭಾಗ ಮತ್ತೆ ಸ್ವಲ್ಪ ಮೇಲೇಳುವುದೂ ಇದರಿಂದಲೇ.

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ. ಆಕಾರ ಕೂರುವುದು ಕಾಯುವಾಗ ಅಲ್ಲ, ಆರುವಾಗ. ಆ ಹತ್ತು ಹದಿನೈದು ನಿಮಿಷ ಕಾಲು ಹೇಗಿತ್ತೋ ಫೋಮ್ ಹಾಗೆ ನಿಲ್ಲುತ್ತದೆ. ಇನ್ನೊಂದು, ಫೋಮ್‌ಗೆ ಸರಿಯಲು ಜಾಗ ಬೇಕು. ಮೂಳೆಗೂ ಶೆಲ್ ಗೋಡೆಗೂ ನಡುವೆ ಅಂತರವೇ ಇಲ್ಲದ ಕಡೆ ಫೋಮ್ ತೆಳ್ಳಗೆ, ಗಟ್ಟಿಯಾಗಿ ಅಮುಕಿಕೊಳ್ಳುತ್ತದೆಯೇ ಹೊರತು ಜಾಗ ಹುಟ್ಟಿಸುವುದಿಲ್ಲ. ಎಷ್ಟು ಕಾಯಿಸಿದರೂ ಅಲ್ಲಿ ನೋವು ಹೋಗುವುದಿಲ್ಲ.

ಮೊದಲು: ಇದು ಕಾವಿಗೆ ಬಗ್ಗುವ ಲೈನರ್ ಹೌದೇ?

ಇಡಿಯಾಗಿ ಫೋಮ್‌ನಿಂದಲೇ ಆದ ಲೈನರ್‌ಗಳು ಪೂರ್ತಿ ಅಚ್ಚಾಗುತ್ತವೆ. ಕೆನಡಾದ ಇಂಟ್ಯೂಷನ್, ಫ್ರಾನ್ಸಿನ ಪಲಾವ್ (Palau) ಕಂಪನಿಗಳ ಲೈನರ್‌ಗಳು ಈ ಜಾತಿಯವು. ಕೈಯಲ್ಲಿ ಹಿಡಿದರೆ ತುಂಬ ಹಗುರ, ಹೊಲಿಗೆ ಕಡಿಮೆ. ಆದರೆ ಬೂಟಿನ ಜೊತೆಗೇ ಬರುವ ಅನೇಕ ಲೈನರ್‌ಗಳಲ್ಲಿ ಹರಡು (ಪಾದ ಕಾಲಿಗೆ ಸೇರುವ ಗಂಟು) ಮತ್ತು ಹಿಮ್ಮಡಿಯ ಸುತ್ತ ಮಾತ್ರ ಕಾವಿಗೆ ಬಗ್ಗುವ ಫೋಮ್ ಇರುತ್ತದೆ. ಬೆರಳಿನ ಭಾಗದಲ್ಲಿ ಇರುವುದು ಸಾಮಾನ್ಯ ಸ್ಪಂಜು ಮತ್ತು ಬಟ್ಟೆ. ನಿಮ್ಮ ದೂರು ಬೆರಳಿನದ್ದಾಗಿದ್ದು ಲೈನರ್ ಈ ಬಗೆಯದ್ದಾಗಿದ್ದರೆ ಓವನ್‌ನಿಂದ ಏನೂ ಆಗದು.

ಇನ್ನೆರಡು ಬಗೆಗಳನ್ನು ಓವನ್ ಹತ್ತಿರವೂ ತರಬೇಡಿ. ಒಂದು, ಕಾಲು ಒಳಗಿರುವಾಗಲೇ ದ್ರವರೂಪದ ಪಾಲಿಯುರೆಥೇನ್ ಸುರಿಸಿ ಗಟ್ಟಿಮಾಡುವ ಇಂಜೆಕ್ಷನ್ ಲೈನರ್. ಅದು ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮತ್ತೆ ಮೆತ್ತಗಾಗದು. ಇನ್ನೊಂದು, ಬೆಂಡಿನ ಪುಡಿ ಬೆರೆಸಿದ ಮುದ್ದೆ ತುಂಬಿದ ಜಿಪ್‌ಫಿಟ್ ತರಹದ್ದು. ಅದು ಕಾಲಿನ ಬಿಸಿಗೂ ಬಳಕೆಗೂ ಹೊಂದುತ್ತ ಹೋಗುವಂಥದ್ದು, ಹಾಕಿಕೊಳ್ಳುವ ಮುಂಚೆ ಹದವಾಗಿ ಬೆಚ್ಚಗಾದರೆ ಸಾಕು.

ಶೆಲ್ ಪರೀಕ್ಷೆ

ಲೈನರ್ ಹೊರಗೆ ತೆಗೆದುಬಿಡಿ. ಬರಿಗಾಲನ್ನು ಖಾಲಿ ಶೆಲ್‌ನೊಳಗಿಟ್ಟು, ಬೆರಳ ತುದಿ ಮುಂದಿನ ಗೋಡೆಗೆ ಹಗುರವಾಗಿ ತಾಗುವವರೆಗೆ ಮುಂದೆ ಸರಿಸಿ, ಮೊಣಕಾಲು ಬಗ್ಗಿಸಿ. ಹಿಂದಿನಿಂದ ಟಾರ್ಚ್ ಬಿಟ್ಟು ಹಿಮ್ಮಡಿಗೂ ಶೆಲ್‌ಗೂ ನಡುವಿನ ಅಂತರ ನೋಡಿ. ಸಾಮಾನ್ಯ ಸವಾರನಿಗೆ 10ರಿಂದ 20 ಮಿ.ಮೀ. ಇದ್ದರೆ ಸರಿ, ಅಂದರೆ ಒಂದರಿಂದ ಎರಡು ಬೆರಳು ತೂರುವಷ್ಟು. ಸ್ಪರ್ಧೆಗೆ ಇಳಿಯುವವರು ಇದಕ್ಕಿಂತ ಬಿಗಿಯಾಗಿ ಇಟ್ಟುಕೊಳ್ಳುತ್ತಾರೆ. ಎರಡು ಬೆರಳು ಸಡಿಲವಾಗಿ ಓಡಾಡಿದರೆ ಶೆಲ್ ದೊಡ್ಡದು. ಹಿಮ್ಮಡಿ ಏಳುವ ದೂರಿಗೆ ಉತ್ತರ ಇಲ್ಲೇ ಸಿಕ್ಕಂತಾಯಿತು. ಹೊಸ ಲೈನರ್ ಕೆಲವು ದಿನ ಆ ಸಡಿಲನ್ನು ಮುಚ್ಚಿಡುತ್ತದೆ, ಅಮುಕಿದ ಮೇಲೆ ಅದು ಬಯಲಾಗುತ್ತದೆ.

ಅಳತೆಯ ವಿಷಯದಲ್ಲಿ ಒಂದು ಮಾತು. ಸ್ಕೀ ಬೂಟಿನ ಮಾಂಡೋಪಾಯಿಂಟ್ ಸಂಖ್ಯೆ ಎಂದರೆ ಸೆಂಟಿಮೀಟರಿನಲ್ಲಿ ಪಾದದ ಉದ್ದ. 26 ಮತ್ತು 26.5 ಎಂದು ಬೇರೆ ಬೇರೆ ಬರೆದಿದ್ದರೂ ಶೆಲ್ ಸಾಮಾನ್ಯವಾಗಿ ಒಂದೇ. ಬದಲಾಗುವುದು ಒಳಗೆ ಪಾದದಡಿ ಹಾಸುವ ಫುಟ್‌ಬೆಡ್ ಇಲ್ಲವೇ ಲೈನರ್ ದಪ್ಪ. ಅರ್ಧ ಅಳತೆ ಹೆಚ್ಚಿನದು ಕೊಂಡರೆ ಜಾಗ ಸಿಗುತ್ತದೆ ಎಂಬ ಲೆಕ್ಕ ಇದರಿಂದಲೇ ಹುಸಿಯಾಗುವುದು.

ಈಗ ಉದ್ದ ಬಿಟ್ಟು ಅಗಲಕ್ಕೆ ಬನ್ನಿ. ಫುಟ್‌ಬೆಡ್ಡನ್ನು ಶೆಲ್‌ನ ತಳದಲ್ಲಿಟ್ಟು, ಹಿಮ್ಮಡಿಯನ್ನು ಹಿಂದಕ್ಕೆ ಸರಿಸಿ ನಡುವೆ ನಿಲ್ಲಿ. ಕಿರುಬೆರಳಿನ ಬುಡ, ಪಾದದ ಹೊರಅಂಚಿನ ನಡುವಿನ ಉಬ್ಬು, ಒಳಗಡೆ ಪಾದದ ಕಮಾನಿನ ಮೇಲಿರುವ ಮೂಳೆ, ಹರಡಿನ ಎರಡೂ ಗುಬ್ಬಿಗಳು (ಪಕ್ಕದ ಮೂಳೆಯುಬ್ಬುಗಳು), ಈ ಐದು ಕಡೆ ಪ್ಲಾಸ್ಟಿಕ್ ತಾಗುತ್ತದೆಯೇ ಎಂದು ಗಮನಿಸಿ. ಖಾಲಿ ಶೆಲ್‌ನಲ್ಲೇ ಮೂಳೆ ಗೋಡೆಗೆ ತಾಗಿದರೆ ಲೈನರ್ ಹಾಕಿದ ಮೇಲೆ ನೋಯದೆ ಇರುವುದಿಲ್ಲ. ಅಲ್ಲಿ ಬೇಕಾದದ್ದು ಶೆಲ್ಲನ್ನೇ ಹೊರಕ್ಕೆ ಉಬ್ಬಿಸುವ ಕೆಲಸ. ಎಲ್ಲಿ ತಾಗುತ್ತದೆ ಎಂದು ಖಚಿತವಾಗದಿದ್ದರೆ ಮೂಳೆಯ ಮೇಲೆ ಲಿಪ್‌ಸ್ಟಿಕ್ ಒಂದು ಚುಕ್ಕೆ ಹಚ್ಚಿ ಕಾಲಿಡಿ, ಗುರುತು ಶೆಲ್‌ಗೆ ಹತ್ತುತ್ತದೆ.

ಇದರ ಜೋಡಿ ಪರೀಕ್ಷೆಯೊಂದಿದೆ. ಶೆಲ್ ಇಲ್ಲದೆ ಬರಿ ಲೈನರ್ ಹಾಕಿಕೊಂಡು ಮನೆಯೊಳಗೆ ಓಡಾಡಿ. ಆಗಲೂ ಅದೇ ಜಾಗದಲ್ಲಿ ನೋವಿದ್ದರೆ ದೋಷ ಲೈನರ್‌ನದ್ದು ಅಥವಾ ಫುಟ್‌ಬೆಡ್‌ನದ್ದು. ನೋವು ಮಾಯವಾದರೆ ಶೆಲ್‌ನದ್ದು, ಇಲ್ಲವೇ ಶೆಲ್‌ನೊಳಗೆ ಲೈನರ್ ಕೂತ ರೀತಿಯದ್ದು.

ಲೈನರನ್ನು ಓದುವುದು

ಹೊರತೆಗೆದ ಲೈನರನ್ನು ಬೆಳಕಿನಲ್ಲಿ ತಿರುಗಿಸಿ ನೋಡಿ. ಸರಿಯಾಗಿ ಅಚ್ಚಾದ ಲೈನರ್‌ನ ಹೊರಮೈಯಲ್ಲಿ ಶೆಲ್‌ನ ಒಳಗಿನ ಗೆರೆಗಳು, ಅಂಚುಗಳು ಸ್ಪಷ್ಟವಾಗಿ ಮೂಡಿರುತ್ತವೆ. ಒಳಗೆ ಕೈ ಹಾಕಿದರೆ ಹರಡಿನ ಗುಬ್ಬಿಗಳಿಗೆ ಎರಡು ತಗ್ಗು, ಅವುಗಳ ಕೆಳಗೆ ಹಿಮ್ಮಡಿ ಹಿಡಿಯುವ ಕಿರಿದಾದ ಜಾಗ ಸಿಗುತ್ತದೆ. ಹೊರಮೈ ಮೊದಲಿನಂತೆಯೇ ನುಣ್ಣಗಿದ್ದರೆ ಕಾವು ಸಾಲದಾಗಿತ್ತು ಎಂದರ್ಥ. ಹೊರಗೆ ಚೆನ್ನಾಗಿ ಮೂಡಿ ಒಳಗೆ ಏನೂ ಇಲ್ಲದಿದ್ದರೆ ಕಾಲು ತಡವಾಗಿ ಒಳಹೋಗಿದೆ ಅಥವಾ ಬಕಲ್ ಸಡಿಲವಾಗಿತ್ತು.

ಹೆಬ್ಬೆರಳು ತೋರುಬೆರಳುಗಳ ನಡುವೆ ಫೋಮ್ ಹಿಡಿದು ದಪ್ಪ ಹೋಲಿಸುತ್ತ ಹೋಗಿ. ಒಂದೇ ಕಡೆ ತೀರಾ ತೆಳ್ಳಗೆ ಬಿರುಸಾಗಿದ್ದರೆ ಅಲ್ಲಿ ಮೂಳೆ ಮತ್ತು ಶೆಲ್ ಜಗಳವಾಡುತ್ತಿವೆ. ಹಿಮ್ಮಡಿಯ ಹಿಂದೆ, ಪಾದ ಮತ್ತು ಕಾಲು ಸೇರುವ ಮಡಿಕೆಯಲ್ಲಿ, ಲೈನರ್ ಮುಂಭಾಗದ ಪಟ್ಟಿಯಾದ ನಾಲಿಗೆಯ ಬುಡದಲ್ಲಿ ಸುಕ್ಕು ಇದೆಯೇ ಎಂದು ವಿಶೇಷವಾಗಿ ನೋಡಿ. ಬಿಸಿ ಲೈನರನ್ನು ಶೆಲ್‌ನೊಳಗೆ ನೂಕುವಾಗ ಮೆತ್ತಗಾದ ಫೋಮ್ ಮಡಚಿಕೊಳ್ಳುತ್ತದೆ, ಆ ಮಡಿಕೆ ಹಾಗೆಯೇ ಗಟ್ಟಿಯಾಗುತ್ತದೆ. ಹಾಕಿಕೊಂಡಾಗ ಇದು ಒಂದು ಕಡ್ಡಿ ಒತ್ತಿದ ಹಾಗೆ ಒಂದು ಗೆರೆಯುದ್ದಕ್ಕೂ ನೋಯುತ್ತದೆ. ಮೂಳೆಯ ನೋವು ಒಂದು ಬಿಂದುವಿನಲ್ಲಿ, ಸುಕ್ಕಿನ ನೋವು ಗೆರೆಯಲ್ಲಿ. ಈ ಒಂದು ಭೇದ ಗೊತ್ತಿದ್ದರೆ ಹುಡುಕಾಟ ಅರ್ಧ ಮುಗಿದಂತೆ. ಸುಕ್ಕು ಮಾತ್ರ ಮತ್ತೆ ಕಾಯಿಸಿ ಬಿಡಿಸಲೇಬೇಕಾದ ದೋಷ, ಬೇರೆ ದಾರಿಯಿಲ್ಲ.

ಫುಟ್‌ಬೆಡ್ ಬಗ್ಗೆ ಇಲ್ಲೇ ಕೇಳಿಬಿಡುತ್ತೇನೆ: ಅಚ್ಚು ತೆಗೆಯುವಾಗ ಒಳಗಿದ್ದ ಫುಟ್‌ಬೆಡ್ಡೇ ಈಗಲೂ ಇದೆಯೇ? ಓವನ್‌ಗೆ ಇಡುವಾಗ ಅದನ್ನು ತೆಗೆಯಬೇಕು, ಕಾಲು ಹಾಕುವ ಮುಂಚೆ ವಾಪಸ್ ಇಡಬೇಕು. ಎಷ್ಟೋ ಜನ ಎರಡನೆಯದನ್ನು ಮರೆಯುತ್ತಾರೆ, ಅಥವಾ ಅಚ್ಚಾದ ಮೇಲೆ ಹೊಸದು ಕೊಂಡು ಹಾಕುತ್ತಾರೆ. 3 ಮಿ.ಮೀ. ದಪ್ಪ ಬದಲಾದರೂ ಇಡೀ ಪಾದ ಮೇಲೇರಿ, ಹರಡಿನ ಗುಬ್ಬಿ ತನ್ನ ತಗ್ಗಿನಿಂದ ಮೇಲಕ್ಕೆ ಹೋಗಿ ದಪ್ಪ ಫೋಮ್‌ಗೆ ಒತ್ತುತ್ತದೆ, ಪಾದದ ಮೇಲ್ಭಾಗ ನಾಲಿಗೆಗೆ ಒತ್ತುತ್ತದೆ. ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ನೋವು, ಎಲ್ಲೂ ಕಾರಣ ಕಾಣುವುದಿಲ್ಲ ಎಂದರೆ ಮೊದಲು ಇದನ್ನೇ ಅನುಮಾನಿಸಿ.

ಯಾವಾಗ ನೋಯುತ್ತದೆ

ಬೂಟು ಹಾಕಿ ಮನೆಯಲ್ಲಿ ಅರ್ಧ ಮುಕ್ಕಾಲು ಗಂಟೆ ಇರಿ. ಕೂತು, ನಿಂತು, ಮೊಣಕಾಲು ಮುಂದೆ ಒತ್ತಿ ನೋಡಿ. ಬಕಲ್ ಹಾಕಿದ ಕ್ಷಣವೇ ನೋವು ಶುರುವಾದರೆ ಅದು ಒತ್ತಡ: ಮೂಳೆ, ಶೆಲ್ ಅಥವಾ ಸುಕ್ಕು. ಹತ್ತು ಇಪ್ಪತ್ತು ನಿಮಿಷದ ಮೇಲೆ ಜೋಮು ಬಂದರೆ ಪಾದದ ಮೇಲ್ಭಾಗದಲ್ಲಿ ರಕ್ತನಾಳ ಮತ್ತು ನರ ಅಮುಕಿಹೋಗುತ್ತಿವೆ. ಮುಂದೆ ಬಾಗಿದಾಗ ಮಾತ್ರ ಕಣಕಾಲಿನ ಮೂಳೆ ನೋಯುವುದಾದರೆ ನಾಲಿಗೆ ಪಕ್ಕಕ್ಕೆ ಸರಿದಿದೆ, ಇಲ್ಲವೇ ಕಾಲುಚೀಲ ಸುಕ್ಕಾಗಿ ಒಳಗೆ ಸಿಕ್ಕಿಕೊಂಡಿದೆ. ಮನೆಯಲ್ಲಿ ಸುಖವಾಗಿದ್ದು ಹಿಮದ ಮೇಲೆ ಮಾತ್ರ ಹಿಂಸೆಯಾದರೆ ಅದರ ಕಥೆ ಬೇರೆ, ಮುಂದೆ ಬರುತ್ತದೆ.

ಹಿಮ್ಮಡಿ ಏಳುವುದು

ಎಲ್ಲಕ್ಕಿಂತ ಹೆಚ್ಚು ಕಾಣುವ ದೂರು ಇದು, ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ. ಮೊದಲು ಎಷ್ಟು ಏಳುತ್ತದೆ ಎಂದು ತಿಳಿಯಬೇಕು. ಮೊಣಕಾಲು ಮುಂದಕ್ಕೆ ಒತ್ತಿ ತುದಿಗಾಲಲ್ಲಿ ಏಳಲು ಯತ್ನಿಸಿ. ಒಂದೆರಡು ಮಿ.ಮೀ. ಅಲುಗಿದರೆ ಚಿಂತೆಯಿಲ್ಲ. ತಳದಿಂದ ಹಿಮ್ಮಡಿ ಬಿಟ್ಟುಕೊಂಡದ್ದು ಚೆನ್ನಾಗಿ ಗೊತ್ತಾದರೆ ಮಾತ್ರ ಮುಂದೆ ಓದಿ.

ಶೆಲ್ ಉದ್ದ ಸರಿಯಿದೆ ಎಂದಾದರೆ, ಬಹುಮಟ್ಟಿಗೆ ಆರುವಾಗ ಹಿಮ್ಮಡಿ ತನ್ನ ಜಾಗದಲ್ಲಿ ಇರಲಿಲ್ಲ. ಬಿಸಿ ಫೋಮ್ ಉಬ್ಬಿರುತ್ತದೆ, ಅದು ಕಾಲನ್ನು ಮುಂದಕ್ಕೆ ತಳ್ಳುತ್ತದೆ. ಕಾಲು ಹಾಕಿದ ಕೂಡಲೆ ಹಿಮ್ಮಡಿಯನ್ನು ನೆಲಕ್ಕೆ ಕೆಲವು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಮೊದಲು ಪಾದದ ಮಡಿಕೆಯ ಮೇಲಿನ ಬಕಲ್ ಹಾಕಿ, ಬಳಿಕ ಮೇಲಿನವು, ಕೊನೆಗೆ ಬೆರಳಿನದ್ದನ್ನು ಸಡಿಲವಾಗಿ ಹಾಕಬೇಕು. ಬೆರಳಿನ ತುದಿಯ ಕೆಳಗೆ ಸುಮಾರು 5 ಸೆಂ.ಮೀ. ದಪ್ಪದ ಮರದ ತುಂಡು ಇಟ್ಟು ಮೊಣಕಾಲು ಬಗ್ಗಿಸಿ ನಿಂತರೆ ದೇಹದ ಭಾರವೇ ಹಿಮ್ಮಡಿಯನ್ನು ಹಿಂದಕ್ಕೂ ಕೆಳಕ್ಕೂ ಒತ್ತುತ್ತದೆ. ನೇರ ಕಾಲಲ್ಲಿ, ಗೋಡೆಗೆ ಒರಗಿ, ಫೋನ್ ನೋಡುತ್ತ ನಿಂತವರ ಲೈನರ್‌ನಲ್ಲಿ ಹಿಮ್ಮಡಿಯ ತಗ್ಗು ಒಂದು ಬೆರಳು ಮುಂದೆ ಮೂಡಿರುತ್ತದೆ. ಕೈ ಹಾಕಿ ನೋಡಿದರೆ ತಿಳಿಯುತ್ತದೆ: ಹಿಮ್ಮಡಿಯ ಹಿಂದೆ ದಪ್ಪ ಫೋಮ್, ಬೆರಳಿನ ಮುಂದೆ ತೀರಾ ತೆಳು.

ಇನ್ನೊಂದು ಕಾರಣವನ್ನು ಬಿಗಿಯುವವರೇ ತಂದುಕೊಳ್ಳುತ್ತಾರೆ. ಚೆನ್ನಾಗಿ ಹಿಡಿಯಲಿ ಎಂದು ಬಿಸಿಯಿರುವಾಗಲೇ ಬಕಲ್ಲನ್ನು ಶಕ್ತಿಮೀರಿ ಎಳೆದರೆ ಫೋಮ್ ಅಗತ್ಯಕ್ಕಿಂತ ತೆಳ್ಳಗಾಗುತ್ತದೆ. ಆಮೇಲೆ ಅದೇ ಬಿಗಿಯಲ್ಲಿ ಬೂಟು ಸಡಿಲ. ಅಚ್ಚಿಗೆ ನಿಲ್ಲುವಾಗಿನ ಬಿಗಿ ಸ್ಕೀ ಮಾಡುವಾಗಿನ ಬಿಗಿಯನ್ನು ಮೀರಬಾರದು. ದಪ್ಪ ಕಾಲುಚೀಲ ಹಾಕಿ ಅಚ್ಚು ತೆಗೆದು ತೆಳ್ಳಗಿನದ್ದು ಹಾಕಿ ಸವಾರಿ ಮಾಡಿದರೂ ಇದೇ ಫಲ.

ಹರಡು ಮುಂದಕ್ಕೆ ಬಾಗುವ ಸಾಮರ್ಥ್ಯವೇ ಕಡಿಮೆಯಿರುವವರೂ ಇದ್ದಾರೆ. ಅಂಥವರ ಹಿಮ್ಮಡಿ ಬೂಟು ಎಷ್ಟೇ ಚೆನ್ನಾಗಿದ್ದರೂ ಏಳುತ್ತದೆ. ಬರಿಗಾಲಲ್ಲಿ, ಹಿಮ್ಮಡಿ ನೆಲ ಬಿಡದಂತೆ ಕುಕ್ಕುರುಗಾಲಲ್ಲಿ ಕೂರಲು ಆಗದಿದ್ದರೆ ಈ ಅನುಮಾನ ಬಲವಾಗುತ್ತದೆ. ಅವರಿಗೆ ಹಿಮ್ಮಡಿಯ ಕೆಳಗೆ ತೆಳುವಾದ ಗಟ್ಟಿ ಎತ್ತರಿಕೆ ಕೊಟ್ಟು ಪರೀಕ್ಷಿಸುವುದು ಒಳ್ಳೆಯದು, ಕಾಯಿಸುವುದಲ್ಲ.

ಬೆರಳು

ನೇರ ನಿಂತಾಗ ಬೆರಳು ಮುಂದಕ್ಕೆ ತಾಗುವುದು ದೋಷವಲ್ಲ. ಮೊಣಕಾಲು ಬಗ್ಗಿಸಿದ ಕೂಡಲೆ ಹಿಮ್ಮಡಿ ಹಿಂದೆ ಸರಿದು ಬೆರಳಿಗೆ ಬಿಡುವು ಸಿಗಬೇಕು. ಬಾಗಿದಾಗಲೂ ಬೆರಳು ಮಡಚಿಯೇ ಇದ್ದರೆ ಬೆರಳ ಟೋಪಿ ಇಲ್ಲದೆ ಅಚ್ಚು ತೆಗೆದಿರಬೇಕು. ಕಾಯಿಸುವಾಗ ಬೆರಳಿಗೆ ಫೋಮ್ ಅಥವಾ ನಿಯೋಪ್ರೀನ್ ಟೋಪಿ ತೊಡಿಸಿ, ಅದರ ಮೇಲೆ ತೆಳು ಕಾಲುಚೀಲ ಹಾಕಬೇಕು. ಅಚ್ಚಾದ ಮೇಲೆ ಟೋಪಿ ತೆಗೆದರೆ ಅಷ್ಟು ಜಾಗ ಉಳಿಯುತ್ತದೆ. ಟೋಪಿ ಕೊಳ್ಳಲೇಬೇಕೆಂದಿಲ್ಲ, ಹಳೆಯ ದಪ್ಪ ಕಾಲುಚೀಲದ ತುದಿ ಕತ್ತರಿಸಿದರೂ ನಡೆಯುತ್ತದೆ. ಟೋಪಿ ಹಾಕಿಯೂ ಜಾಗ ಸಿಗದಿದ್ದರೆ ಲೈನರ್ ಶೆಲ್‌ಗಿಂತ ಗಿಡ್ಡದಿದೆಯೇ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪಾದದ ಮೇಲ್ಭಾಗ, ಹರಡು, ಹೊರಅಂಚು

ಮೇಲ್ಭಾಗದ ಜೋಮಿಗೆ ಕಾರಣ ಬಹುಪಾಲು ಎತ್ತರದ ಕೊರತೆ. ಫುಟ್‌ಬೆಡ್ ತೆಗೆದು ಒಮ್ಮೆ ಬೂಟು ಹಾಕಿ ನೋಡಿ. ಜೋಮು ಹೋದರೆ ಎತ್ತರವೇ ಕಾರಣ. ಮತ್ತೆ ಕಾಯಿಸುವಾಗ ಪಾದದ ಮೇಲೆ ತೆಳು ಪ್ಯಾಡ್ ಅಂಟಿಸಿಕೊಂಡರೆ ಅಲ್ಲಿ ಸ್ವಲ್ಪ ಬಿಡುವು ಸಿಗುತ್ತದೆ. ಅದೂ ಸಾಲದಾದರೆ ಶೆಲ್‌ನ ತಳದಲ್ಲಿರುವ ಹಲಗೆಯನ್ನು ತೆಳ್ಳಗೆ ಉಜ್ಜಿಸಬೇಕು. ಜೋಮಾದ ಬೆರಳು ಬೇಗ ತಣ್ಣಗಾಗುತ್ತದೆ, ಹಾಗಾಗಿ ಕಾಲು ತಣ್ಣಗಾಗುತ್ತದೆ ಎಂಬ ದೂರನ್ನೂ ಇಲ್ಲಿಂದಲೇ ಹುಡುಕಿ.

ಹರಡಿನ ಗುಬ್ಬಿ ಮತ್ತು ಪಾದದ ಹೊರಅಂಚಿಗೂ ಇದೇ ತಂತ್ರ: ಮತ್ತೆ ಅಚ್ಚು ತೆಗೆಯುವಾಗ ಆ ಮೂಳೆಯ ಮೇಲೆ 3ರಿಂದ 5 ಮಿ.ಮೀ. ದಪ್ಪದ ಅಂಟುಪ್ಯಾಡ್. ಖಾಲಿ ಶೆಲ್‌ನಲ್ಲಿ ಅಂತರವಿದ್ದರೆ ಮಾತ್ರ ಇದು ಫಲಿಸುತ್ತದೆ. ಮೀನಖಂಡ ಹಿಂಡುತ್ತಿದ್ದರೆ ಮೇಲಿನ ಬಕಲ್‌ನ ಕೊಂಡಿಯನ್ನು ಒಂದು ತೂತು ಹೊರಗೆ ಸರಿಸಲು ಬರುತ್ತದೆಯೇ ನೋಡಿ. ಅನೇಕ ಬೂಟುಗಳಲ್ಲಿ ಬರುತ್ತದೆ.

ಈಗ ಕಾವಿನ ದೋಷಗಳು

ಪೂರ್ತಿ ಫೋಮ್‌ನ ಲೈನರ್‌ಗಳಿಗೆ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಸೆಲ್ಸಿಯಸ್, ಸುಮಾರು 10 ನಿಮಿಷ ಬೇಕಾಗುತ್ತದೆ. ನಿಮ್ಮ ಲೈನರ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಮನೆಯ ಓವನ್ ಬೇಡವೆಂದು ಅವರು ಹೇಳಿದ್ದರೆ ಬೇಡವೇ.

ಓವನ್‌ನ ಗುಂಡಿ ತೋರಿಸುವ ತಾಪವನ್ನು ನಂಬಬೇಡಿ. ಒಳಗಿನ ನಿಜವಾದ ತಾಪ 10, 20 ಡಿಗ್ರಿ ಅತ್ತಿತ್ತ ತೂಗಾಡುವುದು ಸಾಮಾನ್ಯ. ಒಂದು ಓವನ್ ಥರ್ಮಾಮೀಟರ್ ಒಳಗಿಟ್ಟು, ಲೈನರ್ ಇಡುವ ಮುಂಚೆ ಕಾಲು ಗಂಟೆಯಾದರೂ ಓವನ್ ಓಡಲಿ. ಕಾವು ಸಾಲದೆ ಹೋಗುವುದಕ್ಕೆ ಇನ್ನೂ ಮೂರು ಕಾರಣಗಳಿವೆ. ಮತ್ತೆ ಮತ್ತೆ ಬಾಗಿಲು ತೆರೆದು ನೋಡುವುದು. ತೆಗೆದ ಮೇಲೆ ಕಾಲುಚೀಲ ಹುಡುಕುತ್ತ ಹೊತ್ತು ಕಳೆಯುವುದು. ಫೋಮ್ ಹಗುರವಾದ್ದರಿಂದ ಅದರಲ್ಲಿ ಕೂಡಿಟ್ಟ ಬಿಸಿ ಕಡಿಮೆ, ಒಂದು ನಿಮಿಷದೊಳಗೆ ಕಾಲು ಒಳಗಿರಬೇಕು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಶೆಲ್ ಚಳಿಯಲ್ಲಿ ಹೊರಗಿತ್ತು. ತಣ್ಣನೆಯ ಶೆಲ್ ಬಿಸಿ ಫೋಮ್‌ನ ಹೊರಮೈಯನ್ನು ತಾಗಿದೊಡನೆ ಗಟ್ಟಿಮಾಡುತ್ತದೆ. ಶೆಲ್ ಹಿಂದಿನ ರಾತ್ರಿಯಿಂದಲೇ ಬೆಚ್ಚನೆಯ ಕೋಣೆಯಲ್ಲಿರಲಿ.

ಹದ ತಿಳಿಯಲು ಹರಡಿನ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ತಗ್ಗು ಕೆಲವು ಕ್ಷಣ ಉಳಿದು ನಿಧಾನವಾಗಿ ಮೇಲೇಳಬೇಕು. ಥಟ್ಟನೆ ಮೇಲೆದ್ದರೆ ಇನ್ನೂ ಎರಡು ನಿಮಿಷ ಬೇಕು.

ಹೆಚ್ಚಾದದ್ದು ಕಣ್ಣಿಗೇ ಕಾಣುತ್ತದೆ. ಮೈ ಹೊಳಪಾಗಿ ಬಿರುಸಾಗುತ್ತದೆ, ಸುರುಟಿಕೊಳ್ಳುತ್ತದೆ, ಕಮಟು ವಾಸನೆ ಬರುತ್ತದೆ. ಆ ಭಾಗ ಮತ್ತೆ ಉಬ್ಬುವುದಿಲ್ಲ. ಒಂದೇ ಪಕ್ಕ ಹೀಗಾಗಿದ್ದರೆ ಕೆಂಪಗೆ ಕಾದ ಸುರುಳಿಯ ನೇರ ಶಾಖ ಬಿದ್ದಿದೆ. ಫ್ಯಾನ್ ಇರುವ ಓವನ್ ಆದರೆ ಮೇಲಿನ ಸುರುಳಿ ಆರಿಸಿ ಗಾಳಿಯಿಂದಲೇ ಕಾಯಿಸಬೇಕು. ಫ್ಯಾನ್ ಇಲ್ಲದ ಪುಟ್ಟ ಓವನ್‌ನಲ್ಲಿ ಸುರುಳಿ ಲೈನರ್‌ಗೆ ತೀರಾ ಹತ್ತಿರ, ಅದನ್ನು ಬಳಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೈಮೇಲೆ ಸಾಲುಸಾಲು ಗೆರೆ ಬಿದ್ದಿದ್ದರೆ ಅವು ಕಂಬಿಯ ತಟ್ಟೆಯ ಗುರುತು. ಕೆಳಗೆ ಮರದ ಹಲಗೆ ಅಥವಾ ಮಡಚಿದ ಹತ್ತಿಯ ಟವೆಲ್ ಹಾಕಿ, ಅದು ಸುರುಳಿಗೆ ತಾಗದಂತಿರಲಿ. ಕಾಯುವಷ್ಟು ಹೊತ್ತು ಓವನ್ ಮುಂದೆಯೇ ಇರಿ.

ಓವನ್ ಬಿಟ್ಟರೆ ಅಕ್ಕಿಯ ದಾರಿಯಿದೆ. ಉದ್ದದ ಹತ್ತಿ ಕಾಲುಚೀಲಕ್ಕೆ ಒಣ ಅಕ್ಕಿ ತುಂಬಿ ಗಂಟು ಹಾಕಿ, ಮೈಕ್ರೋವೇವ್‌ನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಕಾಯಿಸಿ, ನಡುನಡುವೆ ಕುಲುಕಿ, ಬಳಿಕ ಲೈನರ್‌ನೊಳಗೆ ಇಳಿಸಿ ಹತ್ತು ನಿಮಿಷ ಬಿಡುವುದು. ಬಿಸಿ ಒಳಗಿನಿಂದ ಬರುವುದರಿಂದ ಹೊರಮೈ ಸುಡುವ ಭಯವಿಲ್ಲ. ಎರಡನೆಯ ಸಲದ ತಿದ್ದುಪಡಿಗೆ ನಾನು ಮೆಚ್ಚುವುದು ಇದನ್ನೇ. ಇದರ ಕೊರತೆಯೆಂದರೆ ಅಕ್ಕಿ ಬೆರಳಿನ ಮೂಲೆಯವರೆಗೆ ಇಳಿಯದೆ ನಡುವೆಯೇ ನಿಲ್ಲುವುದು. ಹರಡು ಚೆನ್ನಾಗಿ ಅಚ್ಚಾಗಿ ಬೆರಳು ಹಾಗೆಯೇ ಉಳಿದಿದ್ದರೆ ಕಾರಣ ಅದು; ಮುಂದಿನ ಸಲ ಕೈಯಿಂದ ಒತ್ತಿ ತುದಿಯವರೆಗೆ ತುಂಬಿಸಿ. ನೈಲಾನ್ ಬೆರೆತ ಕಾಲುಚೀಲ ಕರಗುತ್ತದೆ. ಲೈನರನ್ನೇ ಮೈಕ್ರೋವೇವ್‌ನಲ್ಲಿ ಇಡಬೇಡಿ, ಅದರ ಕೊಂಡಿಗಳಲ್ಲಿ ಲೋಹವಿರುತ್ತದೆ. ಬಣ್ಣ ಕಿತ್ತುವ ಹೀಟ್ ಗನ್ನಿನ ಗಾಳಿ ನೂರಾರು ಡಿಗ್ರಿಯದು, ಫೋಮ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಒಂದು ಚುಕ್ಕೆಯಷ್ಟು ಜಾಗ ತಿದ್ದಲು ಕೂದಲು ಒಣಗಿಸುವ ಡ್ರೈಯರ್ ಸಾಕು: ಮೆತ್ತಗಾಗುವವರೆಗೆ ಬಿಸಿ ಮಾಡಿ, ಚಮಚದ ಬೆನ್ನಿನಿಂದ ಒತ್ತಿ ಹಿಡಿದು ಆರಲು ಬಿಡಿ.

ಶೆಲ್ಲನ್ನು ಮಾತ್ರ ಮನೆಯ ಓವನ್‌ಗೆ ಹಾಕಬೇಡಿ. ಕೆಲವು ಕಂಪನಿಗಳ ಶೆಲ್ ಕಾಯಿಸುವಂಥದ್ದೇ ಆದರೂ ಅದಕ್ಕೆ ಅವರದೇ ಉಪಕರಣ, ಅವರದೇ ತಾಪ.

ಮತ್ತೆ ಕಾಯಿಸಲೇಬೇಕಾದಾಗ

ಒಂದು ಸಲಕ್ಕೆ ಒಂದೇ ಕಾಲು. ಎರಡನ್ನೂ ಒಟ್ಟಿಗೆ ಕಾಯಿಸಿದರೆ ಎರಡನೆಯದು ಆರುತ್ತದೆ. ಎಡಗಾಲು ಸರಿ, ಬಲಗಾಲು ಸಡಿಲ ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಸುತ್ತಿಕೊಳ್ಳುವ ಬಗೆಯ, ನಾಲಿಗೆಯಿಲ್ಲದ ಲೈನರ್ ಆದರೆ ಕಾಲನ್ನು ಮೊದಲು ಲೈನರ್‌ನೊಳಗೆ ಹಾಕಿ, ಮುಂದಿನ ಎರಡು ಮಡಿಕೆ ಸಮನಾಗಿ ಕೂತ ಮೇಲೆ ಲೈನರ್ ಸಮೇತ ಶೆಲ್‌ನೊಳಗೆ ಇಳಿಯಿರಿ. ಶೆಲ್‌ನ ಒಳಗೋಡೆಗೆ ಮೊದಲೇ ಸಿಲಿಕೋನ್ ಸ್ಪ್ರೇ ಹೊಡೆದಿದ್ದರೆ ಲೈನರ್ ಜಾರಿಕೊಂಡು ಹೋಗುತ್ತದೆ, ಸುಕ್ಕು ಬೀಳುವುದಿಲ್ಲ. ಶೆಲ್‌ನ ಎರಡು ಕಿವಿಗಳನ್ನು ಅಗಲಿಸಿ ಹಿಡಿಯಲು ಇನ್ನೊಬ್ಬರು ಜೊತೆಗಿರಲಿ. ನಾಲಿಗೆಯಿರುವ ಲೈನರನ್ನು ಶೆಲ್‌ನೊಳಗೆ ಕೂರಿಸಿಯೇ ಕಾಲು ಹಾಕುವುದು ಸುಲಭ, ನಾಲಿಗೆ ನಡುವೆಯೇ ಇದೆಯೇ ಎಂದು ಮಾತ್ರ ನೋಡಿ. ಮೊಣಕಾಲು ಒಳಕ್ಕೆ ವಾಲದೆ ಬೆರಳಿನ ನೇರಕ್ಕೆ ಇರಲಿ. ಕಮಾನು ಕುಸಿದು ನಿಂತರೆ ಕುಸಿದ ಪಾದದ್ದೇ ಅಚ್ಚು ಬೀಳುತ್ತದೆ. ಬೆರಳು ಆಡಿಸಬೇಡಿ. ಹತ್ತು ಹದಿನೈದು ನಿಮಿಷದ ಮೇಲೆ ಕಾಲು ತೆಗೆದು, ಲೈನರ್ ಶೆಲ್‌ನೊಳಗೇ ಬಕಲ್ ಸಮೇತ ಪೂರ್ತಿ ತಣ್ಣಗಾಗಲಿ.

ಮಧುಮೇಹದಿಂದಲೋ ಇನ್ಯಾವುದೋ ಕಾರಣದಿಂದಲೋ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವವರು, ರಕ್ತಸಂಚಾರದ ತೊಂದರೆಯಿರುವವರು ಇದನ್ನು ಮನೆಯಲ್ಲಿ ಮಾಡಬಾರದು. ಫೋಮ್ ಚರ್ಮವನ್ನು ಸುಡುವುದು ಅಪರೂಪ, ಆದರೆ ಲೋಹದ ಕೊಂಡಿ ಸುಡುತ್ತದೆ, ಅದು ಅವರಿಗೆ ಗೊತ್ತಾಗುವುದಿಲ್ಲ.

ಮನೆಯಲ್ಲಿ ಸರಿ, ಹಿಮದಲ್ಲಿ ಇಲ್ಲ

ಚಳಿಯಲ್ಲಿ ಶೆಲ್‌ನ ಪ್ಲಾಸ್ಟಿಕ್ ಬಿರುಸಾಗುತ್ತದೆ. ರಾತ್ರಿಯಿಡೀ ಕಾರಿನಲ್ಲಿದ್ದ ಬೂಟಿಗೆ ಕಾಲು ತೂರಿಸುವಾಗಲೇ ಲೈನರ್ ಮಡಚಿಕೊಂಡಿರಬಹುದು, ಅದನ್ನು ಅಚ್ಚಿನ ದೋಷವೆಂದು ತಿಳಿಯಬೇಡಿ. ಒದ್ದೆ ಲೈನರ್ ಕೂಡ ಇದೇ ಗೋಳು ಕೊಡುತ್ತದೆ. ಬೂಟು ರಾತ್ರಿ ಒಳಗಿರಲಿ, ಒಣಗಿರಲಿ. ಮೊದಲ ಇಳಿತಕ್ಕೆ ಬಕಲ್ ಸಡಿಲವಾಗಿಯೇ ಇಟ್ಟು, ಕಾಲು ಕೂತ ಮೇಲೆ ಬಿಗಿಯಿರಿ. ಕೆಲವು ದಿನಗಳ ಸವಾರಿಯ ನಂತರ ಇಡೀ ಬೂಟು ಒಂದು ಹಲ್ಲು ಸಡಿಲವಾದರೆ ಅದು ಫೋಮ್ ಅಮುಕಿದ್ದು, ಸಹಜ. ಫುಟ್‌ಬೆಡ್ ಕೆಳಗೆ ತೆಳು ಹಾಳೆಯೊಂದನ್ನು ಇಟ್ಟು ನೋಡಿ. ಅದರಿಂದ ಸರಿಹೋದರೆ ಕಾಯಿಸುವ ಅಗತ್ಯವೇ ಇಲ್ಲ.

ಬೂಟ್ ಫಿಟ್ಟರ್ ಕೈಗೆ ಕೊಡುವಾಗ

ಖಾಲಿ ಶೆಲ್‌ನಲ್ಲೇ ಮೂಳೆ ತಾಗುತ್ತಿದ್ದರೆ, ಪ್ಯಾಡ್ ಹಾಕಿ ಒಮ್ಮೆ ತಿದ್ದಿದ ಮೇಲೂ ಅದೇ ಬಿಂದು ನೋಯುತ್ತಿದ್ದರೆ, ಬೂಟು ಬಿಚ್ಚಿದ ಮೇಲೂ ಜೋಮು ಬಹಳ ಹೊತ್ತು ಉಳಿದರೆ ಮನೆಯ ಪ್ರಯತ್ನ ಅಲ್ಲಿಗೆ ನಿಲ್ಲಿಸಿ. ಜೋಮು ಇಳಿಯದಿದ್ದರೆ ವೈದ್ಯರನ್ನೂ ಕಾಣಬೇಕು. ಬೂಟ್ ಫಿಟ್ಟರ್, ಅಂದರೆ ಬೂಟನ್ನು ಕಾಲಿಗೆ ಹೊಂದಿಸಿಕೊಡುವ ಕಸುಬುದಾರರ ಬಳಿ ಹೋಗುವಾಗ ಎರಡೂ ಬೂಟು, ನೀವು ಬಳಸುವ ಫುಟ್‌ಬೆಡ್, ಕಾಲುಚೀಲ ಒಯ್ಯಿರಿ. ನೋಯುವ ಬಿಂದುವನ್ನು ಚರ್ಮದ ಮೇಲೆ ಪೆನ್ನಿನಿಂದ ಗುರುತು ಮಾಡಿಕೊಂಡು ಹೋಗಿ. ಯಾವ ತಾಪದಲ್ಲಿ, ಎಷ್ಟು ಹೊತ್ತು, ಎಷ್ಟು ಸಲ ಕಾಯಿಸಿದ್ದೀರಿ ಎಂದು ಇದ್ದದ್ದು ಇದ್ದಂತೆ ಹೇಳಿ. ಶೆಲ್ ಉಬ್ಬಿಸಬೇಕೋ, ಒಳಗಿನಿಂದ ಉಜ್ಜಬೇಕೋ, ಲೈನರ್‌ಗೆ ಇನ್ನೊಂದು ಸಲ ಕಾವು ತಡೆಯುವ ಶಕ್ತಿ ಉಳಿದಿದೆಯೋ ಎಂದು ಅವರು ನಿರ್ಧರಿಸುವುದು ಆ ಲೆಕ್ಕದ ಮೇಲೆ. ಶೆಲ್ ಉಬ್ಬಿಸಿದ ಮೇಲೆ ಲೈನರ್‌ನ ಆ ತೆಳುವಾದ ಜಾಗವನ್ನಷ್ಟೇ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಬೂಟು ಹಾಕಿಕೊಂಡು ಹತ್ತು ನಿಮಿಷ ನಿಂತರೆ ಫೋಮ್ ಹೊಸ ಜಾಗಕ್ಕೆ ಸರಿದುಕೊಳ್ಳುತ್ತದೆ.